ಟ್ಯಾಂಕಿನ ಕೆಳಗೊಂದು ಸಭೆ

ಜಿಲ್ಲಾ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನಗೆ ಹೆದರಿಕೆಯಾಗಿದೆ. ದೊಡ್ಡವರಿಗೆ ಬರೆಯುವ ಪತ್ರ ಹೀಗೆ ಶುರುವಾಗಬಾರದೆಂದು ನನಗೂ ಗೊತ್ತು. ಆದರೆ ಕುಶಲ ಕೇಳುತ್ತ ಕೂರುವಷ್ಟು ಸಮಾಧಾನ ನನ್ನಲ್ಲಿ ಉಳಿದಿಲ್ಲ. ನಮ್ಮ ಬೀದಿಯ ಶಿಶುವಿಹಾರಕ್ಕೆ ಒತ್ತಿಕೊಂಡು ನಿಂತಿರುವ ತಮ್ಮ ನೀರಿನ ಟ್ಯಾಂಕಿನ ಕಂಬಗಳು ಬಿರುಕು ಬಿಟ್ಟಿವೆ. ಸಿಮೆಂಟು ಉದುರಿ ಒಳಗಿನ ಕಬ್ಬಿಣ ಕಾಣುತ್ತಿದೆ, ಅದೂ ತುಕ್ಕು ಹಿಡಿದಿದೆ. ಅದರ ನೆರಳಿನಲ್ಲಿ ದಿನವಿಡೀ ಮಕ್ಕಳು ಕೂತಿರುತ್ತಾರೆ. ಅವರಲ್ಲೊಬ್ಬಳು ನನ್ನ ಮೊಮ್ಮಗಳು.

ನಾನು ಎದುರು ಮನೆಯಲ್ಲಿ ಬಟ್ಟೆ ಹೊಲಿಯುವವಳು. ಮಷೀನು ಕಿಟಕಿಯ ಪಕ್ಕದಲ್ಲಿದೆ. ಬೆಳಗ್ಗೆ ಪಂಪು ಶುರುವಾಗಿ ಟ್ಯಾಂಕು ತುಂಬತೊಡಗಿದರೆ ಕಂಬದೊಳಗಿಂದ ಒಂದು ಒಣ ಸದ್ದು ಬರುತ್ತದೆ. ಮಕ್ಕಳು ಅದಕ್ಕೆ 'ಅಜ್ಜ ಕೆಮ್ಮಿದ' ಎನ್ನುತ್ತಾರೆ. ಅವರು ಹೆದರದಿರಲೆಂದು ಟೀಚರಮ್ಮ ಅದನ್ನೊಂದು ಆಟವಾಗಿ ಮಾಡಿದ್ದಾರೆ. ಅಜ್ಜ ಕೆಮ್ಮಿದ ಕೂಡಲೇ ಬಾಗಿಲಿಗೆ ಓಡಬೇಕು, ಬೀದಿಯ ತುದಿಯ ಲೈಟುಕಂಬ ಮೊದಲು ಮುಟ್ಟಿದವರು ಗೆದ್ದಂತೆ. ಮಕ್ಕಳಿಗೆ ಚೆಲ್ಲಾಟ, ನನಗೆ ಪ್ರಾಣಸಂಕಟ. ಮೊನ್ನೆ ಮನೆಯಲ್ಲಿ ಬೀರುವಿನ ಬಾಗಿಲು ಕಿರ್ರೆಂದಿತು. ಊಟಕ್ಕೆ ಕೂತಿದ್ದ ಮೊಮ್ಮಗಳು ತಟ್ಟೆ ಬಿಟ್ಟು ಬೀದಿಗೆ ಓಡಿದಳು. ಅಲ್ಲಿಂದಲೇ, 'ನಾನೇ ಫಸ್ಟು. ಅಜ್ಜೀ, ನೀನ್ಯಾಕೆ ಓಡ್ಲಿಲ್ಲ?' ಎಂದು ಕೇಳಿದಳು.

ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಬಾರದೇ ಎಂದು ತಾವು ಕೇಳಬಹುದು. ಮಗಳು ಆಸ್ಪತ್ರೆಯಲ್ಲಿ ನರ್ಸು, ಅವಳ ಪಾಳಿ ಮುಗಿಯುವವರೆಗೆ ಕೂಸು ನನ್ನದೇ. ಕೆಲವು ದಿನ ಇಟ್ಟುಕೊಂಡೂ ನೋಡಿದೆ. ಕಿಟಕಿಯಾಚೆ ಮಿಕ್ಕ ಮಕ್ಕಳು ಕಾಣುತ್ತಿದ್ದರು. ಅಷ್ಟಕ್ಕೂ ಆ ಟ್ಯಾಂಕು ವಾಲಿದರೆ ನಮ್ಮ ಮನೆಯನ್ನು ಬಿಟ್ಟು ವಾಲುತ್ತದೆಂದು ಬರೆದುಕೊಡುವವರು ಯಾರು? ಮತ್ತೆ ಕಳಿಸಿದೆ. ಅಲ್ಲಾದರೂ ಓಡುವುದನ್ನು ಕಲಿಸುತ್ತಾರೆ.

ದೂರು ಕೊಡಲು ಹೊರಟ ಮೇಲೆಯೇ ತಮ್ಮ ಮಂಡಳಿಯ ರಚನೆ ನನಗೆ ಅರ್ಥವಾದದ್ದು. ಈ ಜ್ಞಾನೋದಯಕ್ಕೆ ಕೃತಜ್ಞಳಾಗಿದ್ದೇನೆ. ಟ್ಯಾಂಕಿನೊಳಗಿನ ನೀರು ಜಲ ಸರಬರಾಜು ಸಮಿತಿಯದಂತೆ, ಕಂಬಗಳು ಕಾಮಗಾರಿ ಸಮಿತಿಯವಂತೆ, ಮಕ್ಕಳು ಶಿಕ್ಷಣ ಸಮಿತಿಗೆ ಸೇರಿದವರಂತೆ. ಜಿಲ್ಲೆ ಎರಡಾದಾಗ ಗಡಿಯ ಗೆರೆ ನಮ್ಮ ಬೀದಿಯಲ್ಲೇ ಹಾದುಹೋದದ್ದರಿಂದ ಕಂಬ ಊರಿರುವ ನೆಲ ಪಕ್ಕದ ಮಂಡಳಿಯದಂತೆ. ನೀರಿನವರು ಕಾಮಗಾರಿಯವರ ಬಳಿಗೆ ಕಳಿಸಿದರು, ಕಾಮಗಾರಿಯವರು ನೆಲದವರ ಬಳಿಗೆ, ನೆಲದವರು ಮತ್ತೆ ನೀರಿನವರ ಬಳಿಗೆ. ಹೋದಲ್ಲೆಲ್ಲ ಅಳಿಯ ಅಲ್ಲ, ಮಗಳ ಗಂಡ ಎಂಬ ಉತ್ತರ. ತಮ್ಮ ಗಡಿಗೆರೆಯನ್ನು ನಾನು ಗೌರವಿಸುತ್ತೇನೆ ಸ್ವಾಮೀ, ಆದರೆ ಯಾವ ಸಮಿತಿಯ ವ್ಯಾಪ್ತಿಯಲ್ಲಿ ಬೀಳಬೇಕೆಂದು ಆ ಟ್ಯಾಂಕಿಗೆ ಯಾರಾದರೂ ಹೇಳಿದ್ದೀರಾ?

ಹಿಂದೆ ಹೀಗಿರಲಿಲ್ಲ. ನಮ್ಮ ಮಾವನವರು ಮೊದಲ ಮಂಡಳಿಯಲ್ಲಿ ಜವಾನರಾಗಿದ್ದರು. ಆಗ ಸಮಿತಿಗಳಿಲ್ಲ, ಉಪಸಮಿತಿಗಳಿಲ್ಲ. ಬೆರಳೆಣಿಕೆಯ ಸದಸ್ಯರು, ಒಂದು ಮೇಜು, ಸೋರುವ ಒಂದು ಕೋಣೆ. ಅವರೇನೂ ದೇವರಲ್ಲ, ಜಗಳ ಹತ್ತಿದರೆ ಕುರ್ಚಿ ಎಸೆದದ್ದೂ ಉಂಟಂತೆ. ಅವರು ಈ ಟ್ಯಾಂಕು ಕಟ್ಟಿಸಿದಾಗ, ಅಷ್ಟು ನೀರು ತಲೆಯ ಮೇಲೆ ನಿಲ್ಲುವುದನ್ನು ಎಂದೂ ಕಾಣದ ಜನ ಹೆದರಿ ಬೀದಿಯನ್ನೇ ಬಿಟ್ಟರು. ಆಗ ಮೊದಲ ಅಧ್ಯಕ್ಷರು ಒಂದು ಪದ್ಧತಿ ತಂದರು. ವರ್ಷಕ್ಕೊಮ್ಮೆ ಟ್ಯಾಂಕನ್ನು ಕಂಠಮಟ್ಟ ತುಂಬಿಸಿ, ಅದರ ಕೆಳಗೇ ಮಂಡಳಿಯ ಸಭೆ. ಗಟ್ಟಿಯಾಗಿದೆಯೆಂದು ಸಹಿ ಹಾಕಿದ ಎಂಜಿನಿಯರಿಗೆ ನಟ್ಟನಡುವಿನ ಕುರ್ಚಿ. ಕುರ್ಚಿ ಹಾಕುತ್ತಿದ್ದವರು ನಮ್ಮ ಮಾವ. 'ಸಭೆ ಹತ್ರ ಬಂತು ಅಂದ್ರೆ ಸಾಕು, ರಿಪೇರಿಯೆಲ್ಲ ತಾನಾಗೇ ಆಗ್ತಿತ್ತು ಕಣಮ್ಮ' ಎನ್ನುತ್ತಿದ್ದರು. ಅದನ್ನು ನೋಡಿಯೇ ಜನ ಮರಳಿ ಬಂದರು, ಆ ಧೈರ್ಯದ ಮೇಲೆಯೇ ಶಿಶುವಿಹಾರವೂ ಎದ್ದಿತು. ಮಂಡಳಿಗೆ ತಣ್ಣನೆಯ ಗಾಳಿಯ ಹೊಸ ಸಭಾಂಗಣ ಬಂದ ವರ್ಷ ಪದ್ಧತಿ ನಿಂತುಹೋಯಿತು. ಅದನ್ನು ಯಾರೂ ರದ್ದು ಮಾಡಲಿಲ್ಲ. ಸೆಕೆಯೆಂದು ಬರಲಿಲ್ಲ, ಅಷ್ಟೇ.

ಹೋದ ತಿಂಗಳು ತಾವು ಕಳಿಸಿದ ಎಂಜಿನಿಯರ್ ಸಾಹೇಬರು ಬಂದರು. ರಣಬಿಸಿಲು. ಕತ್ತೆತ್ತಿ ಕಂಬ ನೋಡಿದರು, ಕೋಲಿನಿಂದ ತಟ್ಟಿದರು. ಅಂಗೈಯಗಲದ ಸಿಮೆಂಟು ಅವರ ಕಾಲ ಬಳಿಯೇ ಬಿತ್ತು. ಟೀಚರಮ್ಮ ಉಪಚಾರಕ್ಕೆಂದು ಟ್ಯಾಂಕಿನ ನೆರಳಿನಲ್ಲಿ ಕುರ್ಚಿ ಹಾಕಿದರು. ಸಾಹೇಬರು ಒಮ್ಮೆ ಮೇಲೆ ನೋಡಿ, 'ಇಲ್ಲಿ ಬೇಡಮ್ಮ, ಆ ಕಡೆ ಹಾಕಿ' ಎಂದರು. ಬೀದಿಯ ತುದಿಯಲ್ಲಿ, ನೆತ್ತಿ ಸುಡುವ ಬಿಸಿಲಿನಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತ, ಭಯಪಡುವಂಥದ್ದೇನೂ ಇಲ್ಲವೆಂದು ಬರೆದು ಸಹಿ ಹಾಕಿದರು. ಕುಡಿಯಲು ನೀರು ಕೊಟ್ಟವಳು ನಾನೇ. ಲೋಟ ಹಿಡಿದ ಅವರ ಮುಖದಲ್ಲಿ ಕಂಡದ್ದು ನನ್ನದೇ ಹೆದರಿಕೆ. ಅಂದಿನಿಂದ ನನ್ನ ಹೊಲಿಗೆ ಸೊಟ್ಟಗಾಗುತ್ತಿದೆ. ನಾನೊಬ್ಬಳೇ ಹೆದರಿದ್ದಾಗ, ಇದು ಮುದುಕಿಯ ಭ್ರಮೆ ಇರಬಹುದೆಂಬ ಆಸೆಯಾದರೂ ಇತ್ತು.

ಅಕ್ಕಪಕ್ಕದವರಿಗೆ ನನ್ನ ಮೇಲೆ ಮುನಿಸು. ಟ್ಯಾಂಕು ಖಾಲಿ ಮಾಡಿಸಿದರೆ ನಲ್ಲಿ ನಿಲ್ಲುತ್ತದೆ, ಅರ್ಧ ಊರು ಕೊಡ ಹೊರಬೇಕಾಗುತ್ತದೆ, ಸುಮ್ಮನಿರಿ ಅಕ್ಕಾ ಎನ್ನುತ್ತಾರೆ. ಅವರ ಕಷ್ಟವೂ ಸುಳ್ಳಲ್ಲ. ಆದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಷ್ಟೆಲ್ಲ ಮಕ್ಕಳನ್ನು ಬೆಳೆಸಲು ಈ ಬೀದಿಗೆ ಎಷ್ಟು ವರ್ಷ ಹಿಡಿದಿದೆ ಎಂದು ಅವರಿಗೂ ಗೊತ್ತು.

ಆದ್ದರಿಂದ ಟ್ಯಾಂಕನ್ನು ಕೂಡಲೇ ಖಾಲಿ ಮಾಡಿಸಿ, ಕಂಬ ಸರಿಯಾಗುವವರೆಗೆ ನಮಗೆ ಲಾರಿಯಲ್ಲಿ ನೀರು ಕೊಡಿ. ಅದು ಅನಗತ್ಯವೆಂದು ತಮಗೆ ತೋರಿದರೆ, ಮಂಡಳಿಯ ಮುಂದಿನ ಸಭೆಯನ್ನು ಹಳೆಯ ಪದ್ಧತಿಯಂತೆ ಇಲ್ಲಿ ನಡೆಸಿ. ಎಲ್ಲ ಸಮಿತಿಯವರೂ ಬನ್ನಿ, ಪಕ್ಕದ ಮಂಡಳಿಯವರನ್ನೂ ಕರೆತನ್ನಿ. ಪಂಪು ಓಡುವ ಹೊತ್ತಿಗೇ ಬನ್ನಿ. ಕುರ್ಚಿ ನಾನು ಹಾಕುತ್ತೇನೆ, ನಮ್ಮ ಮನೆಯವರಿಗೆ ಆ ಕೆಲಸ ಹೊಸದಲ್ಲ. ಅಂದು ಮಕ್ಕಳನ್ನು ದೂರ ಕಳಿಸಿರುತ್ತೇವೆ. ಅಜ್ಜ ಕೆಮ್ಮಿದರೆ ಯಾವ ಕಡೆಗೆ ಓಡಬೇಕು, ಯಾವ ಕಂಬ ಮುಟ್ಟಬೇಕು ಎಂಬುದನ್ನು ತಾವು ಹಿಂದಿನ ದಿನವೇ ಬಂದರೆ ನನ್ನ ಮೊಮ್ಮಗಳು ಕಲಿಸಿಕೊಡುತ್ತಾಳೆ. ಕಲಿಯುವಾಗ ಓಡಲಾಗದವರನ್ನು ಅವಳು ಕೈ ಹಿಡಿದು ಎಳೆದುಕೊಂಡು ಹೋಗುತ್ತಾಳೆ.

ಇಂತಿ,
ತಮ್ಮ ನೀರು ಕುಡಿದು ಬದುಕಿರುವ, ಆ ನೀರಿಗೇ ಹೆದರಿ ಕೂತಿರುವ
ಎದುರು ಮನೆಯ ಹೊಲಿಗೆಯವಳು