ಯಶವಂತಪುರವೋ ಶ್ರೀರಾಮಪುರವೋ

ಬಬ್ಬೂರು ಹತ್ತಿರದ ಹಟ್ಟಿ
4-6-1973

ಚಿ. ಸೌ. ಗಂಗಕ್ಕನಿಗೆ ನಿನ್ನ ಅಜ್ಜಿ ಕೆಂಚಕ್ಕನ ಆಶೀರ್ವಾದ. ಇಲ್ಲಿ ನಾನು, ನಿನ್ನ ಸೋದರಮಾವ ಜುಂಜಣ್ಣ, ನೂರಾ ಹತ್ತು ಕುರಿ, ಎಲ್ಲರೂ ಉಸಿರಾಡಿಕೊಂಡು ಇದ್ದೇವೆ. ಅಲ್ಲಿ ನೀನು, ಅಳಿಯ ಮಾರಣ್ಣ, ಹೊಟ್ಟೆಯಲ್ಲಿರುವ ಕೂಸು ಹೇಗಿದ್ದೀರಿ ಬರೆಯುವುದು.

ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಕನ್ನಡಕದ ಕಾಲು ಮುರಿದಿತ್ತು. ಅದಕ್ಕೊಂದು ಉಣ್ಣೆ ದಾರ ಕಟ್ಟಿಕೊಡಲು ನಿನ್ನ ಮಾವ ಹದಿನೈದು ದಿನ ತೆಗೆದುಕೊಂಡ. ಬಬ್ಬೂರು ಫಾರಂನಲ್ಲಿ ಕೂಲಿಗೆ ಸೇರಿದ ಮೇಲೆ ಅವನಿಗೆ ಅಲ್ಲಿನ ಸಾಹೇಬರಿಗಿಂತ ಕೆಲಸ ಜಾಸ್ತಿ. ನಾನು ಮೂರನೇ ಕ್ಲಾಸಿಗೆ ಸ್ಲೇಟು ಇಟ್ಟು ಕುರಿ ಹಿಂದೆ ಹೋದವಳು. ಅಕ್ಷರ ಅಲ್ಲೊಂದು ಇಲ್ಲೊಂದು ಮೇಯಲು ಹೋಗಿದ್ದರೆ ನೀನೇ ಒಟ್ಟು ಹೊಡೆದುಕೊಂಡು ಓದು.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಬರುವುದಿಲ್ಲ, ಹಟ್ಟಿಯ ಹೊರಗಿನ ಸೂತಕದ ಗುಡ್ಲಿನಲ್ಲಿ ಕೂಸು ಕಟ್ಟಿಕೊಂಡು ಮೂರು ತಿಂಗಳು ಮಲಗುವುದಿಲ್ಲ, ವಾಣಿವಿಲಾಸ ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದೇನೆ, ನೀನೇ ಬಂದು ನನ್ನ ಜೊತೆ ಇರು ಎಂದು ಬರೆದಿದ್ದೀಯ. ಮೊದಲನೇ ಸಲ ಓದಿದಾಗ ಬೈಯಬೇಕೆಂದುಕೊಂಡೆ. ನಾಲ್ಕನೇ ಸಲಕ್ಕೆ ಬೈಗುಳ ಖಾಲಿಯಾಯಿತು. ನಮ್ಮ ಮಾರಿಕಣಿವೆ ಕಟ್ಟೆಗೂ ಅದೇ ರಾಣಿಯ ಹೆಸರಲ್ಲವೇ. ನಮಗೆ ನೀರು ಕೊಟ್ಟವಳು ನಿನ್ನ ಕೂಸನ್ನೂ ಕಾಯಲಿ.

ಪೂಜಾರಿ ಕಾಟಯ್ಯನನ್ನು ಕೇಳಿಬಿಡೋಣವೆಂದು ಗುಡಿ ಹತ್ತಿರ ಹೋದೆ. ಅವನು ಎಲೆಗೆ ಸುಣ್ಣ ಸವರುತ್ತಾ, ಮುಖ ಎತ್ತದೆ, "ಹೋಗ್ ಬಾರಮ್ಮ, ಯಾರು ಬ್ಯಾಡ ಅಂತಾರೆ. ಹೆತ್ತೋಳನ್ನ ಮುಟ್ಟಬ್ಯಾಡ, ಅವಳಿರೋ ಸೂರಿನ ಕೆಳಗೆ ಮಲಗಬ್ಯಾಡ. ಮಲಗಿದ್ಯೋ, ನೀನೂ ಮೂರು ತಿಂಗಳು ಹಟ್ಟಿಯಿಂದ ಹೊರಗೆ. ಮೀಸಲು ಹಾಲಿನ ಗಡಿಗೆ ಬ್ಯಾರೆಯೋರ ಕೈಗೆ ಹೋಗ್ತೈತೆ. ಅದು ತಿರುಗಿ ಬರಾಕಿಲ್ಲ" ಎಂದ.

"ಬೆಂಗಳೂರಾಗೆ ಹೆತ್ರೆ ಸೂತಕ ಇಲ್ಲೀತನ ಬರ್ತೈತೇನಪ್ಪ?" ಎಂದೆ.

"ನೀನು ಬಸ್ ಹತ್ತಿ ಬರಾಕಿಲ್ವ? ಹಂಗೇ ಅದೂ ಬರ್ತೈತೆ, ಟಿಕೀಟಿಲ್ದೆ" ಎಂದ. ನಗು ಬಂತು. ಆದರೆ ನಗಲಿಲ್ಲ.

ದೇವರಿಗೆ ಎತ್ತಿಟ್ಟ ಹಾಲನ್ನು ಇಪ್ಪತ್ತೆರಡು ವರ್ಷದಿಂದ ಕಾಯಿಸುತ್ತಿರುವ ಕೈ ಇದು ಗಂಗೂ. ನಾನು ದಾರಿಯಲ್ಲಿ ಬಂದರೆ ಹಟ್ಟಿಯ ಸೊಸೆಯರು ಸೆರಗು ಹೊದ್ದು ಪಕ್ಕಕ್ಕೆ ನಿಲ್ಲುತ್ತಾರೆ. ನನ್ನ ನಾಲಿಗೆಗೆ ಹೆದರಿ ನಿಲ್ಲುತ್ತಾರೆ ಎಂದು ನಿನ್ನ ಮಾವ ಹೇಳುತ್ತಾನೆ. ಅವನಿಗೇನು ಗೊತ್ತು.

ಈಗ ಬೆಂಗಳೂರಿನಲ್ಲಿ ಎಲ್ಲಿ ಇಳಿದುಕೊಳ್ಳಲಿ ಎಂಬುದೇ ಯೋಚನೆ. ಮೆಜೆಸ್ಟಿಕ್ಕಿನ ಹತ್ತಿರ ಛತ್ರ ಇದೆ ಎನ್ನುತ್ತಾನೆ ಜುಂಜಣ್ಣ. "ಅಲ್ಲಿ ಯಾರ ಸೂತಕ ಯಾರು ಕೇಳ್ತಾರವ್ವ, ಆರಾಮಾಗಿ ಕುಂತ್ಕ" ಎಂದ. ನನ್ನ ಮಗ್ಗುಲಲ್ಲಿ ಯಾವ ಊರಿನ ಕಳ್ಳ ಮಲಗುತ್ತಾನೋ, ಗಂಟನ್ನು ತಲೆಯ ಕೆಳಗೆ ಇಟ್ಟುಕೊಳ್ಳಲೋ ಕಾಲಿಗೆ ಕಟ್ಟಿಕೊಳ್ಳಲೋ. ಛತ್ರ ಬೇಡ.

ಯಶವಂತಪುರದಲ್ಲಿ ನಮ್ಮವನೇ ಚಿತ್ರಲಿಂಗಪ್ಪ ಇದ್ದಾನೆ, ಕಂಬಳಿ ವ್ಯಾಪಾರದವನು. ತುಮಕೂರು ರೋಡಿನಿಂದ ಬರುವ ಬಸ್ಸು ಅವನ ಮನೆ ಹತ್ತಿರವೇ ನಿಲ್ಲುತ್ತದೆ. ಪೇಟೆ ಸೇರಿದರೂ ಕಟ್ಟಳೆ ಬಿಟ್ಟಿಲ್ಲ, ಚಪ್ಪಲಿ ಒಳಗೆ ಬಿಡುವುದಿಲ್ಲ, ಕೋಳಿ ಸುಳಿಯುವುದಿಲ್ಲ. ಅವನ ಹೆಂಡತಿಯ ಕೈ ಮಾತ್ರ ಬಿಗಿ. ಹಿಂದೆ ಒಂದು ಸಲ ಹೋದಾಗ ಕಾಫಿ ಲೋಟ ಕೊಟ್ಟಳು, ಕೊಟ್ಟವಳು ಬಿಡಲೇ ಇಲ್ಲ. ನಾನು ಈ ಕಡೆಯಿಂದ ಎಳೆದು ಕುಡಿಯಬೇಕಾಯಿತು.

ನಿಮ್ಮ ಶ್ರೀರಾಮಪುರಕ್ಕೆ ಬಂದು ಇರೋಣವೆಂದರೆ, ನಿಮ್ಮ ವಠಾರದ ಓನರಮ್ಮ ಎಂಟು ಕೋಳಿ ಸಾಕಿದ್ದಾಳೆ ಎಂದು ನೀನೇ ಬರೆದಿದ್ದೀಯ. ನಮ್ಮ ಹಟ್ಟಿಯಲ್ಲಿ ಕೋಳಿಯ ಪುಕ್ಕ ಹಾರಿ ಬಿದ್ದರೂ ನೆಲ ಸಾರಿಸುತ್ತೇವೆ. ನೀನು ಪಟ್ಟಣಕ್ಕೆ ಹೋಗಿ ಮರೆತಿರಬಹುದು. ಕೋಣೆಯೂ ಚಿಕ್ಕದು, ಮಂಚ ಹಾಕಿದ ಮೇಲೆ ಅದಕ್ಕೆ ತಾಗಿ ಒಂದು ಚಾಪೆಗಷ್ಟೇ ಜಾಗ ಎಂದಿದ್ದೀಯ. ಹೆತ್ತವಳ ಮೈಗೆ ಮೈ ತಾಗಿಸಿ ಮಲಗಿದರೆ ಆಮೇಲೆ ಕಾಟಯ್ಯನಿಗೆ ಏನು ಹೇಳಲಿ.

ಅದಕ್ಕೆ ಯಶವಂತಪುರವೇ ಸರಿ. ನಿನ್ನ ಮನೆಗೆ ಮೂರು ಮೈಲಿಯಂತೆ. ದಿನವೂ ಸಿಟಿ ಬಸ್ಸಿನಲ್ಲಿ ಬಿಸಿ ಗಂಜಿ, ಖಾರ ತರುತ್ತೇನೆ. ಹೊಸ್ತಿಲ ಹೊರಗೆ ಇಟ್ಟು ಹಿಂದೆ ಸರಿಯುತ್ತೇನೆ, ನೀನು ತೆಗೆದುಕೊ. ಬಾಗಿಲಲ್ಲಿ ನಿಂತು ಎಷ್ಟು ಹೊತ್ತು ಬೇಕಾದರೂ ಮಾತಾಡೋಣ. ನಿನ್ನ ತಾಯಿ ಚಿತ್ತಮ್ಮ ನಿನ್ನನ್ನು ಹೆತ್ತು ತೀರಿಕೊಂಡ ದಿನ ನಾನು ಹಿರಿಯೂರು ಸಂತೆಯಲ್ಲಿದ್ದೆ, ನಿನಗೆ ಗೊತ್ತೇ ಇದೆ. ನಿನ್ನ ಹೊತ್ತಿಗಾದರೂ ಮೂರು ಮೈಲಿ ಹತ್ತಿರದಲ್ಲಿ ಇರುತ್ತೇನೆ.

ಭಾರ ಎತ್ತಬೇಡ. ಅಳಿಯನಿಗೆ ಗಿರಣಿಯಲ್ಲಿ ಹೊತ್ತು ಹೊತ್ತಿಗೆ ಉಣ್ಣಲು ಹೇಳು.

ನಿನ್ನ ಅಜ್ಜಿ
ಕೆಂಚಕ್ಕ


ಬಬ್ಬೂರು ಹತ್ತಿರದ ಹಟ್ಟಿ
26-6-1973

ಗಂಗಕ್ಕನಿಗೆ,

ಕಾರ್ಡಿನಲ್ಲೇ ಬರೆಯುತ್ತಿದ್ದೇನೆ, ಪೋಸ್ಟಿನವನು ಓದಿದರೆ ಓದಲಿ. ನಿನ್ನ ಕಾಗದದಲ್ಲಿ ಕ್ಷೇಮವಿಲ್ಲ, ಸಮಾಚಾರವಿಲ್ಲ, ಒಂದೇ ಸಾಲು. "ಗಂಜಿ ಇಟ್ಟು ಹಿಂದಕ್ಕೆ ಸರೀತೀನಿ ಅಂದೀಯಲ್ಲ ಅಜ್ಜಿ, ನಮ್ಮವ್ವನಿಗೂ ಹಿಂಗೇ ಇಟ್ಟಿದ್ರಾ?"

ಇದನ್ನು ಕೇಳಲು ಎಸ್ಸೆಸ್ಸೆಲ್ಸಿ ಓದಿದೆಯಾ? ಮೇಕೆ ಹಾಲು ಹಾಕಿ ಸಾಕಿದವಳನ್ನು, ಹಿರಿಯೂರಿನ ಹಾಸ್ಟೆಲಿಗೆ ತಲೆಯ ಮೇಲೆ ರಾಗಿ ಹೊತ್ತು ತಂದವಳನ್ನು ಕೇಳುವ ಮಾತೇ ಇದು? ನಾನು ಸಂತೆಯಲ್ಲಿದ್ದೆ ಎಂದು ಎಷ್ಟು ಸಲ ಹೇಳಬೇಕು.

ಇಳಿಯುವುದು ಯಶವಂತಪುರದಲ್ಲೇ. ಚಿತ್ರಲಿಂಗಪ್ಪನಿಗೆ ಹೇಳಿ ಕಳಿಸಿದ್ದಾಗಿದೆ.

ಕೆಂಚಕ್ಕ


ಬಬ್ಬೂರು ಹತ್ತಿರದ ಹಟ್ಟಿ
14-7-1973

ಮಗಳೇ ಗಂಗೂ,

ಆ ಕಾರ್ಡನ್ನು ಒಲೆಗೆ ಹಾಕಿಬಿಡು. ಬಸುರಿಗೆ ಬರೆಯುವಂಥದ್ದಲ್ಲ ಅದು. ಡಬ್ಬಿಗೆ ಹಾಕಿ ನಾಲ್ಕು ಹೆಜ್ಜೆ ಬಂದವಳು ತಿರುಗಿ ಹೋಗಿ, ತೆಗೆದುಕೊಡಪ್ಪ ಎಂದು ಪೋಸ್ಟಿನವನನ್ನು ಕೇಳಿದೆ. "ಬಿದ್ದ ಕಾಗದ ಸರ್ಕಾರದ್ದು ಅಜ್ಜಿ, ನಿಂದಲ್ಲ" ಎಂದ. ಆಮೇಲೆ ನಿನಗೆ ಬರೆಯಲು ಕೈ ಬರಲಿಲ್ಲ. ಕನ್ನಡಕ ಚೆನ್ನಾಗಿಯೇ ಇದೆ, ಈ ಸಲ ಅದರ ಮೇಲೆ ಹಾಕುವುದಿಲ್ಲ.

ಇಲ್ಲಿ ಒಂದು ಮಳೆ ಬಿದ್ದಿದೆ. ಎರಡು ಕುರಿ ಮರಿ ಹಾಕಿವೆ. ಜುಂಜಣ್ಣನಿಗೆ ಫಾರಂನಲ್ಲಿ ಒಂದು ಖಾಕಿ ಅಂಗಿ ಕೊಟ್ಟಿದ್ದಾರೆ, ಅದನ್ನು ಹಾಕಿಕೊಂಡು ನಮ್ಮ ನಾಯಿಯ ಕೈಲೇ ಬೊಗಳಿಸಿಕೊಂಡ.

ಯಶವಂತಪುರ ಬೇಡವೆಂದು ತೀರ್ಮಾನ ಮಾಡಿದ್ದೇನೆ. ಮೂರು ಮೈಲಿ ಸಿಟಿ ಬಸ್ಸಿನಲ್ಲಿ ಬಂದರೆ ಗಂಜಿ ಆರುತ್ತದೆ. ಚಿತ್ರಲಿಂಗಪ್ಪನ ಹೆಂಡತಿಯ ಜೊತೆ ದಿನಾ ಲೋಟ ಎಳೆದಾಡಲು ನನ್ನ ರಟ್ಟೆಯಲ್ಲಿ ಕಸುವಿಲ್ಲ. ಶ್ರೀರಾಮಪುರಕ್ಕೇ ಬರುತ್ತೇನೆ, ನಿನ್ನ ಕೋಣೆಗೇ. ಕೋಳಿಗಳ ಮೇಲೆ ಬುಟ್ಟಿ ಕವುಚಿಡಲು ಓನರಮ್ಮನಿಗೆ ಹೇಳಿ ನೋಡು. ಒಪ್ಪದಿದ್ದರೆ ಬಿಡು, ಅವುಗಳ ಪಾಡಿಗೆ ಅವು ಇರಲಿ.

ಮೊನ್ನೆ ಮೀಸಲು ಹಾಲಿನ ಗಡಿಗೆ ತೊಳೆದು ಕಾಟಯ್ಯನ ಮುಂದೆ ಇಟ್ಟೆ. ಅವನು ಎಲೆ ಮಡಚುವುದನ್ನು ನಿಲ್ಲಿಸಿದ. "ಯಾಕಮ್ಮ, ಸೀಳು ಬಿಟ್ಟೈತಾ?" ಎಂದ.

"ಗಡಿಗೆ ಗಟ್ಟಿ ಐತೆ. ನಾನು ಮೊಮ್ಮಗಳ ಮಗ್ಗುಲಾಗೆ ಮಲಗಾಕೆ ಹೋಗ್ತಿದೀನಿ" ಎಂದೆ.

"ಇಷ್ಟು ವರ್ಷದ ಮರ್ಯಾದೆ, ಯೋಚನೆ ಮಾಡು."

"ಮಾಡೇ ಬಂದೀನಿ. ಯಾರಿಗಾರ ಕೊಡು."

ಗಡಿಗೆಯನ್ನು ಒಳಗೆ ಎತ್ತಿಟ್ಟ. ಕೆಟ್ಟವನಲ್ಲ ಅವನು, ಅವನಪ್ಪ ಹೇಳಿಕೊಟ್ಟದ್ದನ್ನು ಹೇಳುತ್ತಾನೆ. ಬಾಗಿಲವರೆಗೆ ಬಂದು, "ಹುಷಾರಾಗಿ ಹೋಗ್ ಬಾ" ಎಂದ.

ಮನೆಗೆ ಬಂದರೆ ಜುಂಜಣ್ಣ ಗೋಳಾಡಿದ. "ತಿರುಗಿ ಬಂದ ಮ್ಯಾಲೆ ಎಲ್ಲಿರ್ತೀಯವ್ವ?"

"ಹೊರಗಿನ ಗುಡ್ಲು ಐತಲ್ಲೋ. ನಿನ್ನ ಹೆತ್ತಿದ್ದೂ ಅಲ್ಲೇ, ನನಗೇನು ಹೊಸ ಊರಲ್ಲ."

"ಈ ವಯಸ್ಸಿನಾಗೆ?"

"ಯಾವ ವಯಸ್ಸಿನಾಗೆ ಚೆಂದಾಗಿತ್ತು ಅದು?" ಎಂದೆ. ಅವನು ಹೆಂಡತಿಯ ಮುಖ ನೋಡಿದ. ಅವಳು ಇಬ್ಬರನ್ನು ಅಲ್ಲಿ ಹೆತ್ತವಳು, ತಲೆ ತಗ್ಗಿಸಿಕೊಂಡು ಸೊಪ್ಪು ಸೋಸುತ್ತಿದ್ದಳು.

ಇಪ್ಪತ್ತಮೂರನೇ ತಾರೀಖು ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಮೆಜೆಸ್ಟಿಕ್ಕಿಗೆ ಅಳಿಯನನ್ನು ಕಳಿಸು. ತುಪ್ಪ, ಹುರುಳಿ, ಬಜೆ, ಮಗುವಿಗೆಂದು ನಾನೇ ನೂತ ಮೆತ್ತನೆ ಉಣ್ಣೆಯ ಒಂದು ಚಿಕ್ಕ ಕಂಬಳಿ ತರುತ್ತೇನೆ. ದೇವರು ನಿನ್ನ ಮೈ ಸಲೀಸು ಮಾಡಲಿ. ಹೆತ್ತ ನೋವು ಕೂಸಿನ ಅಳು ಕೇಳಿದ ಕೂಡಲೇ ಮರೆತುಹೋಗಲಿ. ನೂರು ವರ್ಷ ಬಾಳು ಮಗಳೇ.

ನಿನ್ನ ಅಜ್ಜಿ
ಕೆಂಚಕ್ಕ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಧೈರ್ಯವಾಗಲಿಲ್ಲ.

ಆ ದಿನ ನಾನು ಸಂತೆಗೆ ಹೋಗಿರಲಿಲ್ಲ. ಹಟ್ಟಿಯವರೆಲ್ಲ ಹೋಗಿದ್ದರು, ನಾನು ಒಬ್ಬಳೇ ಉಳಿದಿದ್ದೆ. ನೀನು ಹುಟ್ಟಿ ಮೂರು ದಿನವಾಗಿತ್ತು. ಸೂಲಗಿತ್ತಿ ಮಲ್ಲಕ್ಕ ಬೇರು ತರಲು ಊರ ಕಡೆ ಹೋಗಿದ್ದಳು. ಮಧ್ಯಾಹ್ನ, ಮಳೆಗಾಳಿ. ನಾನು ಗಂಜಿಯ ಕುಡಿಕೆಯನ್ನು ಕಲ್ಲಿನ ಮೇಲೆ ಇಟ್ಟು, ತಂಗಡಿ ಗಿಡದ ತನಕ ಹಿಂದೆ ಸರಿದು ನಿಂತೆ. ಗುಡ್ಲಿಗೂ ನನಗೂ ಇಪ್ಪತ್ತು ಹೆಜ್ಜೆ.

ನಿನ್ನ ತಾಯಿ ಗಂಜಿಗೆ ಬರಲಿಲ್ಲ. "ಅವ್ವಾ, ಮೈ ತಣ್ಣಗಾಗ್ತೈತೆ, ಒಳಗೆ ಬಾ" ಎಂದಳು. "ಮಲ್ಲಕ್ಕ ಬರ್ತಾಳೆ, ತಡಿ" ಎಂದೆ. ಇನ್ನೊಂದು ಸಲ ಕರೆದಳು. ಅದನ್ನೇ ಹೇಳಿದೆ. ಮೂರನೇ ಸಲ, "ನನ್ನ ಬಿಡು, ಕೂಸನ್ನಾರ ಎತ್ಕ" ಎಂದಳು. ನೀನು ಅಳುತ್ತಿದ್ದೆ. ನನ್ನ ಕಾಲು ಏಳಲಿಲ್ಲ ಗಂಗೂ. ಮಲ್ಲಕ್ಕ ಬಂದು ನಿನ್ನನ್ನು ಎತ್ತಿಕೊಂಡಳು. ಕುಡಿಕೆಯ ಮುಚ್ಚಳ ಹಾಗೇ ಇತ್ತು.

ಸಂತೆಯಿಂದ ಬಂದವರಿಗೆ ನಡೆದದ್ದನ್ನು ನಾನೇ ಹೇಳಿದೆ. ಹಟ್ಟಿಯಲ್ಲಿ ನನ್ನದು ತಪ್ಪೆಂದು ಒಬ್ಬರೂ ಅನ್ನಲಿಲ್ಲ. ಹೆತ್ತ ಮಗಳು ಕರೆದರೂ ಕಟ್ಟಳೆ ಮೀರದವಳು ಎಂದು ಆ ವರ್ಷವೇ ಮೀಸಲು ಹಾಲಿನ ಗಡಿಗೆಯನ್ನು ನನ್ನ ಕೈಗೆ ಕೊಟ್ಟರು. ನಾನು ತೆಗೆದುಕೊಂಡೆ. ನಿನಗೊಬ್ಬಳಿಗೇ ಸಂತೆಯ ಕಥೆ ಹೇಳಿದ್ದು. ಹಟ್ಟಿಯವರು ನನ್ನ ಬಾಯಿಗೆ ಹೆದರಿ ನಿನ್ನ ಮುಂದೆ ಎತ್ತಲಿಲ್ಲ.

ಇದನ್ನು ಓದಿದ ಮೇಲೆ ಅಜ್ಜಿ ಬೇಡ ಎನಿಸಿದರೆ ಒಂದು ಕಾರ್ಡು ಹಾಕು. ಏನೂ ಬರೆಯುವುದು ಬೇಡ, ಯಶವಂತಪುರ ಎಂದಷ್ಟೇ ಬರೆ, ಅಲ್ಲೇ ಇಳಿಯುತ್ತೇನೆ. ದಿನಾ ಗಂಜಿ ತಂದು ಹೊಸ್ತಿಲಲ್ಲಿ ಇಡುತ್ತೇನೆ. ಕಾರ್ಡು ಬರದಿದ್ದರೆ ಶ್ರೀರಾಮಪುರಕ್ಕೆ ಬರುತ್ತೇನೆ. ಚಾಪೆಯನ್ನು ಮಂಚಕ್ಕೆ ತಾಗಿಸಿ ಹಾಕಿರು.