ಸಿಂಕಿನ ಪಕ್ಕದ ಜಾಡಿ

ಮರೀಟ್,

ನಿನ್ನ ಕಾರಿನ ಕೀ ಮೊಳೆಗೆ ತಗುಲಿಹಾಕಿದ್ದೇನೆ, ತಗೋ. ಇನ್ನು ಕಿತ್ತುಕೊಳ್ಳುವುದಿಲ್ಲ.

ಸಿಂಕಿನ ಪಕ್ಕದ ಜಾಡಿಯಲ್ಲಿರುವುದು ಕಾಫಿಯಲ್ಲ. ಟರ್ಬೊ ಎಂಜಿನ್ನಿನ ಆಯಿಲ್ ಗಾಳಿಯ ಪೈಪಿಗೆ ಹೋಗದಿರಲಿ ಅಂತ ಒಂದು ಡಬ್ಬಿ ಕೂರಿಸಿದ್ದೆನಲ್ಲ, ಅದರಿಂದ ಇಳಿಸಿದ್ದು. ಕಂಠಮಟ್ಟ ತುಂಬಿತ್ತು. ಉಕ್ಕಿದ್ದೆಲ್ಲ ಪೈಪಿನೊಳಗೆ ಹೋಗಿದೆ, ನಿನ್ನ ಕಾರು ಹೊಗೆ ಉಗುಳಿದ್ದು ಅದಕ್ಕೇ. ಈ ಚಳಿಯಲ್ಲಿ ಆ ಡಬ್ಬಿ ವಾರವಾರ ಖಾಲಿ ಮಾಡಬೇಕು. "ಬಾನೆಟ್ ಎತ್ಬೇಡ, ಅದು ನನ್ ಕೆಲ್ಸ" ಅಂತ ನಿನಗೆ ಹೇಳಿದವನು ನಾನೇ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದಮೇಲೆ ನಾನು ಅದನ್ನು ಒಮ್ಮೆಯೂ ಮುಟ್ಟಿಲ್ಲ.

ಪೈಪು ತೊಳೆದಿದ್ದೇನೆ. ಎರಡು ದಿನ ಸ್ವಲ್ಪ ನೀಲಿ ಹೊಗೆ ಬಂದರೆ ಹೆದರಬೇಡ.

"ಇವ್ಳು ಗಾಡೀನ ಎದ್ನೋ ಬಿದ್ನೋ ಅಂತ ಓಡ್ಸಿ ಎಂಜಿನ್ನೇ ತಿಂದ್ಹಾಕಿದ್ಲು" ಅಂತ ಊಟದ ಮೇಜಿನಲ್ಲಿ ಅಜ್ಜಿಯ, ಆರ್ಲೆನ್ ಚಿಕ್ಕಪ್ಪನ ಎದುರೇ ನಾನು ಅಂದುಬಿಟ್ಟೆ, ಕೀ ಕಿತ್ತುಕೊಂಡೆ. ನೀನು ತಟ್ಟೆ ಬಿಟ್ಟು ಎದ್ದೆ. ಎರಡು ವಾರ ಹಿಮದಲ್ಲಿ ಬಸ್ಸಿಗೆ ಕಾದೆ. ನನ್ನನ್ನು ಬೈದಿದ್ದರೂ ವಾಸಿಯಿತ್ತು.

ಆಲೂಗಡ್ಡೆ ಹಾಟ್‌ಡಿಶ್ ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೋ.

ಜಾಡಿ ಮಾತ್ರ ಚೆಲ್ಲಬೇಡ. ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಮೇಜಿನ ನಡುವೆ ಇಟ್ಟು, ಇದು ಯಾರ ಕೆಲಸ ಅಂತ ನಾನೇ ಹೇಳುತ್ತೇನೆ. ನೀನು ಅವತ್ತು ಎದ್ದುಹೋದ ಕುರ್ಚಿಯಲ್ಲೇ ಕೂತಿರು.

ಅಪ್ಪ