ಜನವರಿ ಸುತ್ತು

ಅಕ್ಟೋಬರ್ 19, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀ? ನಿನ್ನ ಮೂರೂ ಕಾಗದ ಬಂದಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ತಪ್ಪು ತಿಳಿಯಬೇಡ ಅನ್ನಲಾರೆ, ತಿಳಿದುಕೊಂಡರೂ ಸರಿಯೇ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿನಲ್ಲೇ ಜಗಳ ಶುರುವಾಗುತ್ತಿತ್ತು, ಹರಿದು ಹಾಕುತ್ತಿದ್ದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಾದರೆ ನೀನು ನಡುನಡುವೆ ‘ಅಯ್ಯೋ ಪುಟ್ಟಾ, ಕೇಳು ಇಲ್ಲಿ’ ಅನ್ನುತ್ತೀ, ನಾನು ಕರಗಿಬಿಡುತ್ತೇನೆ. ಕಾಗದದಲ್ಲಿ ಆ ಭಯವಿಲ್ಲ.

ಮೊದಲು ಅತ್ತೆ ಮನೆಯ ಸಮಾಚಾರ. ಅತ್ತೆ ಚೆನ್ನಾಗಿದ್ದಾರೆ. ಹೋದ ವರ್ಷ ಬಿದ್ದು ಪೆಟ್ಟಾಗಿದ್ದ ಮಂಡಿ ಈಗ ಮೆಟ್ಟಿಲು ಇಳಿಯುವಾಗ ಮಾತ್ರ ತಕರಾರು ಮಾಡುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದ್ದಕ್ಕೋ ಏನೋ, ಹೇಳುವುದನ್ನು ಹೇಳಿ ಪಟ್ಟಂತ ಮಾತು ನಿಲ್ಲಿಸುವ ರೂಢಿ ಹಾಗೇ ಇದೆ. ಎದುರಿಗಿದ್ದವರಿಗೆ ಲೈನ್ ಕಟ್ ಆಯಿತೇನೋ ಅನ್ನಿಸಬೇಕು. ಬಚ್ಚಲಿನ ನಲ್ಲಿ ರಿಪೇರಿಯಾಗಿದೆ. ನನ್ನ ಕ್ಲಾಸುಗಳೂ ನಡೆದಿವೆ. ಕಟ್ಟಡ ವಿನ್ಯಾಸದ ಮೇಷ್ಟ್ರು ನನ್ನ ಮೊದಲ ಮಾದರಿ ನೋಡಿ, ‘ಏನಮ್ಮಾ, ಮನೆಯ ಮುಂಭಾಗ ಬಹಳ ಚೆನ್ನಾಗಿದೆ, ಹಿಂದೆ ಗೋಡೇನೇ ಇಲ್ವಲ್ಲ, ಜನ ಎಲ್ಲಿ ಮಲಗ್ಬೇಕು?’ ಅಂದರು. ಕ್ಲಾಸೆಲ್ಲ ನಕ್ಕಿತು. ನಾಟಕದ ಮನೆಗೆ ಹಿಂದಿನ ಗೋಡೆ ಬೇಕಾಗುವುದಿಲ್ಲ ಎಂದು ನಾನು ಹೇಳಲಿಲ್ಲ.

ನಾನು ಕಲಿಯಬೇಕೆಂದಿದ್ದು ರಂಗಸಜ್ಜಿಕೆ, ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಿಕ್ಕಂದಿನಲ್ಲಿ ಚಪ್ಪಲಿ ಡಬ್ಬದೊಳಗೆ ನಾನು ಅರಮನೆ, ಬಂದರು ಕಟ್ಟುತ್ತಿದ್ದರೆ ನೀನು ಟಾರ್ಚು ಹಿಡಿದು ಬೆಳಕು ಬಿಡುತ್ತಿದ್ದೆ. ಅದನ್ನು ಕಲಿಸುವ ಕಾಲೇಜಿಗೆ ಹೋದ ನವೆಂಬರಿನಲ್ಲೇ, ಮೊದಲ ಸುತ್ತಿನಲ್ಲೇ, ಅರ್ಜಿ ಹಾಕಿದ್ದೆ. ಡಿಸೆಂಬರಿನಲ್ಲಿ ಬಂದ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ಮಾರ್ಚಿನಲ್ಲಿ ಉಳಿದವರ ಜೊತೆ ಮತ್ತೆ ನೋಡುತ್ತೇವೆ ಎಂದಿದ್ದರು.

ನೀನು ಆಗಷ್ಟೇ ರಜೆಗೆ ಮನೆಗೆ ಬಂದಿದ್ದೆ. ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಅಳುತ್ತಿದ್ದೆ. ಅರ್ಧ ಅಳು ಈರುಳ್ಳಿಯದು. ನೀನು ಚಾಕು ಕಸಿದುಕೊಂಡು ಪಕ್ಕದಲ್ಲಿ ಕೂತೆ.

‘ನೋಡ್ತೀವಿ ಅಂದ್ರೆ ನಯವಾಗಿ ಇಲ್ಲ ಅಂದ ಹಾಗೆ ಪುಟ್ಟಾ. ಮಾರ್ಚ್‌ವರೆಗೂ ಕಾದು, ಆಮೇಲೆ ಎಲ್ಲೂ ಸಿಗದೆ ಬೀದೀಲಿ ನಿಲ್ತೀಯಾ? ನಮ್ಮ ಕಾಲೇಜಲ್ಲಿ ಜನವರಿ ಸುತ್ತು ಇದೆ.’

‘ಹಾಗಂದ್ರೆ?’

‘ಮೊದಲ ಸುತ್ತಲ್ಲಿ ಕೈತಪ್ಪಿದವರಿಗೆ ಇನ್ನೊಂದು ಅವಕಾಶ. ಸೀಟು ಕೊಟ್ರೆ ಖಂಡಿತ ಬರ್ತೀನಿ, ಬೇರೆ ಅರ್ಜಿ ಎಲ್ಲಾ ವಾಪಸ್ ತಗೋತೀನಿ ಅಂತ ನೀನು ಮಾತು ಕೊಡ್ಬೇಕು. ಒಂದೇ ಕಾಲೇಜಿಗೆ ಕೊಡೋ ಮಾತು. ಅಷ್ಟು ಗಟ್ಟಿಯಾಗಿ ಬರ್ತೀನಿ ಅಂದವರನ್ನ ಅವರೂ ಬೇಗ ತಗೋತಾರೆ. ಫೆಬ್ರವರೀಲೇ ಉತ್ತರ.’

‘ಅಲ್ಲಿ ರಂಗಸಜ್ಜಿಕೆ ಇಲ್ವಲ್ಲ ಅಕ್ಕಾ.’

‘ಕಟ್ಟಡ ವಿನ್ಯಾಸ ಇದೆ. ಅದಕ್ಕೂ ಇದಕ್ಕೂ ಏನು ಮಹಾ ದೂರ?’ ಆಮೇಲೆ ನನ್ನ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ ಹೇಳಿದೆ ನೀನು: ‘ನಾನಿರ್ತೀನಲ್ಲೇ. ಅತ್ತೆ ಮನೇಲಿ ಒಂದೇ ರೂಮು, ಬೆಳಿಗ್ಗೆ ಒಂದೇ ಬಸ್ಸು. ಇನ್ನೇನು ಬೇಕು ನಿನಗೆ?’

ಇನ್ನೇನೂ ಬೇಕಿರಲಿಲ್ಲ. ನಿಜ ಹೇಳಬೇಕೆಂದರೆ ನಾನು ಮಾತು ಕೊಟ್ಟದ್ದು ಕಾಲೇಜಿಗಲ್ಲ, ನಿನಗೆ. ನಾನು ಸಹಿ ಹಾಕಿದೆ, ಅಪ್ಪ ಹಾಕಿದರು, ಶಾಲೆಯ ಹೆಡ್‌ಮೇಡಮ್ ಕನ್ನಡಕದ ಮೇಲಿಂದ ನೋಡಿ, ‘ಆಮೇಲೆ ಹಿಂದೆ ಸರಿಯೋ ಹಾಗಿಲ್ಲ, ಗೊತ್ತಲ್ವಾ?’ ಎಂದು ಕೇಳಿ ತಾವೂ ಹಾಕಿದರು. ಫೆಬ್ರವರಿಯಲ್ಲಿ ಸೀಟು ಸಿಕ್ಕಿತು. ರಂಗಸಜ್ಜಿಕೆಯ ಕಾಲೇಜಿನಿಂದ ನನ್ನ ಅರ್ಜಿಯನ್ನು ನನ್ನ ಕೈಯಾರೆ ವಾಪಸ್ ತೆಗೆದೆ. ಮಾರ್ಚಿನಲ್ಲಿ ನಮ್ಮ ಕ್ಲಾಸಿನ ಗುಂಗುರು ಕೂದಲಿನ ಹುಡುಗಿ ಅಲ್ಲಿಗೆ ಆಯ್ಕೆಯಾದಳು. ಅವಳಿಗೂ ಮೊದಲು ನನ್ನ ಹಾಗೆಯೇ ‘ಮತ್ತೆ ನೋಡುತ್ತೇವೆ’ ಅಂದಿದ್ದರು. ಹೊಟ್ಟೆಯಲ್ಲಿ ಸ್ವಲ್ಪ ಉರಿಯಿತು. ಪಾಪ, ಅವಳಿಗೆ ಅಲ್ಲಿ ಅಕ್ಕ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆಗಸ್ಟಿನಲ್ಲಿ ನಾನು ಬಂದಿಳಿದಾಗ ಬಸ್ ನಿಲ್ದಾಣಕ್ಕೆ ಅತ್ತೆಯೊಬ್ಬರೇ ಬಂದಿದ್ದರು, ಕೋಲೂರಿಕೊಂಡು. ‘ಅಕ್ಕ ಎಲ್ಲಿ?’ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು.

‘ಅವಳು ಹೋಗಿ ಆಗ್ಲೇ ವಾರ ಆಯ್ತಲ್ಲ. ನಿನಗೆ ಗೊತ್ತಿಲ್ವಾ?’

ನಾನು ನಂಬಲಿಲ್ಲ. ಮನೆಗೆ ಬಂದವಳೇ ಚೀಲವನ್ನೂ ಇಳಿಸದೆ ರೂಮಿಗೆ ಓಡಿದೆ. ಎರಡು ಮಂಚ ಹಾಕಿಸುತ್ತೇನೆ ಎಂದಿದ್ದೆ ನೀನು. ಒಂದೇ ಇತ್ತು. ಬಾಗಿಲ ಹಿಂದಿನ ಮೊಳೆಗಳೆಲ್ಲ ಖಾಲಿ. ಅತ್ತೆಯ ಮಾತ್ರೆ ಡಬ್ಬಿ ಮಾತ್ರ ನನ್ನ ದಿಂಬಿನ ಪಕ್ಕಕ್ಕೆ ಬಂದು ಕೂತಿತ್ತು.

ಅತ್ತೆ ಚಹಾ ತಂದುಕೊಟ್ಟು, ಮಂಚದ ತುದಿಯಲ್ಲಿ ಕೂತು ಹೇಳಿದರು. ಕೊನೆಯ ವರ್ಷಕ್ಕೆ ಬೇರೆ ಊರಿನ ಕಾಲೇಜಿಗೆ ವರ್ಗ ಮಾಡಿಸಿಕೊಳ್ಳುತ್ತೇನೆಂದು ನೀನು ಹೋದ ವರ್ಷವೇ ಅಪ್ಪನನ್ನು ಕೇಳಿದ್ದೆಯಂತೆ. ಬಿದ್ದು ಎದ್ದ ಅತ್ತೆಯನ್ನು ಒಂಟಿಯಾಗಿ ಬಿಡುವ ಹಾಗಿಲ್ಲ, ನಮ್ಮವರು ಒಬ್ಬರು ಅಲ್ಲಿದ್ದರೆ ಮಾತ್ರ ಹೋಗು ಎಂದಿದ್ದರಂತೆ ಅಪ್ಪ. ಡಿಸೆಂಬರ್ ರಜೆಗೆ ಹೊರಡುವ ಮೊದಲೇ ನೀನು ಅತ್ತೆಗೆ ಹೇಳಿದ್ದೆಯಂತೆ: ‘ಯೋಚ್ನೆ ಮಾಡ್ಬೇಡಿ ಅತ್ತೆ, ನನ್ನ ಬದಲು ತಂಗಿ ಬರ್ತಾಳೆ.’

ಹೊರಡುವ ಮೊದಲೇ, ಅಕ್ಕಾ. ರಂಗಸಜ್ಜಿಕೆಯವರ ಉತ್ತರ ನನ್ನ ಕೈ ಸೇರುವ ಮೊದಲೇ.

ಮನೆಗೆ ಫೋನ್ ಮಾಡಿದೆ. ಅಮ್ಮ ಫೋನನ್ನು ಅಪ್ಪನ ಕೈಗೆ ಕೊಟ್ಟಳು. ‘ಜುಲೈನಲ್ಲಿ ಅವಳ ವರ್ಗ ಖಚಿತ ಆಯ್ತು ಕಣಮ್ಮ. ತಂಗಿಗೆ ಎಲ್ಲಾ ಹೇಳಿದ್ದೀನಿ, ಒಪ್ಪಿದ್ದಾಳೆ, ಆದ್ರೆ ಬೇಜಾರಲ್ಲಿದ್ದಾಳೆ, ಆ ಮಾತೆತ್ತಿ ಅವಳನ್ನ ಅಳಿಸ್ಬೇಡಿ ಅಂದ್ಳು. ಅದಕ್ಕೇ ನಾವೂ ಸುಮ್ನಿದ್ವಿ’ ಅಂದರು ಅಪ್ಪ. ಅವರ ದನಿ ಇಳಿದುಹೋಗಿತ್ತು. ಆಮೇಲೆ ನಿನಗೆ ಮಾಡಿದೆ. ‘ಹೇಳೋಣ ಹೇಳೋಣ ಅಂತಾನೇ ಇದ್ದೆ ಪುಟ್ಟಾ’ ಎಂದೆ ನೀನು. ಡಿಸೆಂಬರಿನಿಂದ ಆಗಸ್ಟಿನವರೆಗೂ ಹೇಳೋಣ ಅಂತಾನೇ ಇದ್ದೆ.

ಆ ಮನೆಯಲ್ಲಿ ನಿನಗೆ ಉಸಿರು ಕಟ್ಟುತ್ತಿತ್ತು, ಗೆಳತಿಯರ ಜೊತೆ ಒಂದು ಸಿನಿಮಾಕ್ಕೆ ಹೋಗಬೇಕಾದರೂ ಅತ್ತೆಯ ಊಟದ ಹೊತ್ತು ನೋಡಬೇಕಿತ್ತು, ನಿನಗೂ ಒಂದು ಬದುಕು ಬೇಕಿತ್ತು ಎಂದು ಬರೆದಿದ್ದೀ. ಎಲ್ಲ ನಿಜವೇ ಇರಬಹುದು. ಅದನ್ನು ಅವತ್ತು ಅಡುಗೆಮನೆಯಲ್ಲಿ ಹೇಳಿದ್ದರೆ? ‘ನನ್ನ ಕೈಲಾಗ್ತಿಲ್ಲ, ನೀನು ಬಾ’ ಎಂದಿದ್ದರೆ ನಾನು ಬರುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ. ಅದು ನನಗೆ ಯಾವತ್ತೂ ಗೊತ್ತಾಗದ ಹಾಗೆ ಮಾಡಿದವಳು ನೀನು.

ಹೋದ ವಾರ ಅತ್ತೆ, ‘ನಿನ್ನಕ್ಕ ಏನು ಬರೆದಿದ್ದಾಳೆ?’ ಎಂದು ಕೇಳಿದರು. ಸುಳ್ಳು ಹೇಳಲು ಬರಲಿಲ್ಲ. ಇದ್ದದ್ದನ್ನೆಲ್ಲ ಓದಿ ಹೇಳಿದೆ.

‘ನನಗೆ ಕಾವಲು ಬೇಕು ಅಂತ ನಾನು ಯಾವಾಗ ಹೇಳಿದ್ದೆ? ನೀವು ನೀವೇ ತೀರ್ಮಾನ ಮಾಡ್ಕೊಂಡ್ರಿ. ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?’

ಅಷ್ಟು ಹೇಳಿದವರೇ ಕೋಲು ಹಿಡಿದು ಎದುರುಮನೆಗೆ ನಡೆದರು. ಅಲ್ಲಿ ಬಾಡಿಗೆಗಿರುವ ಟೈಲರಮ್ಮ ಹೊಲಿಗೆ ಮಿಷನ್ ಇಡಲೂ ಜಾಗವಿಲ್ಲದೆ ಒದ್ದಾಡುತ್ತಿದ್ದಳು. ಮುಂದಿನ ತಿಂಗಳು ಆಕೆ ಮಿಷನ್ ಸಮೇತ ನಮ್ಮ ರೂಮಿಗೆ ಬರುತ್ತಾಳೆ. ಎಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿದುಹೋಯಿತು. ಅಪ್ಪನಿಗೂ ಅತ್ತೆಯೇ ಫೋನ್ ಮಾಡಿ ಹೇಳಿ, ಅವರು ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟರು. ಇಷ್ಟು ಸುಲಭದ ಕೆಲಸಕ್ಕೆ ನೀನು ನನ್ನನ್ನು ಖರ್ಚು ಮಾಡಿದೆ.

ನಾನು ಹಾಸ್ಟೆಲಿಗೆ ಹೋಗುತ್ತಿದ್ದೇನೆ. ಭಾನುವಾರದ ಊಟ ಅತ್ತೆಯ ಜೊತೆ. ಯಾರೂ ಹೇಳಿದ್ದಲ್ಲ, ನಾನಾಗಿಯೇ. ಈ ವರ್ಷ ಮನಸ್ಸಿಟ್ಟು ಓದಿ, ಮುಂದಿನ ವರ್ಷ ರಂಗಸಜ್ಜಿಕೆಯ ಕಾಲೇಜಿಗೆ ವರ್ಗ ಕೇಳುತ್ತೇನೆ. ಕೊಡುತ್ತಾರೋ ಬಿಡುತ್ತಾರೋ. ಹಾಗೆ ಕೇಳುತ್ತೇನೆಂದು ಅಪ್ಪನಿಗೆ, ಅಮ್ಮನಿಗೆ, ಅತ್ತೆಗೆ, ಇಲ್ಲಿಯ ಮೇಷ್ಟ್ರಿಗೂ ಈಗಲೇ ಹೇಳಿಟ್ಟಿದ್ದೇನೆ.

ರಜೆಗೆ ನೀನು ಮನೆಗೆ ಬಂದರೆ ನಾನೂ ಬರುತ್ತೇನೆ. ಮಾತಾಡುತ್ತೇನೋ ಇಲ್ಲವೋ ಹೇಳಲಾರೆ. ಅಲ್ಲಿ ಚಳಿ ಜಾಸ್ತಿಯಂತೆ, ಕತ್ತಿಗೆ ಏನಾದರೂ ಸುತ್ತಿಕೊಂಡು ಓಡಾಡು. ಓದು ಚೆನ್ನಾಗಿ ಸಾಗಲಿ. ನೀನು ಬಯಸಿದ ಬದುಕು ನಿನಗೆ ಸಿಗಲಿ. ಚಿಕ್ಕವಳು ಹರಸಬಾರದು ಅಂತಿದ್ದರೆ, ಇದನ್ನು ಬರೀ ಆಸೆ ಎಂದುಕೋ.

ನಿನ್ನ,
ತಂಗಿ

ತಾ.ಕ.: ಫೆಬ್ರವರಿಯಲ್ಲಿ ಸೀಟು ಸಿಕ್ಕಿದ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಹೇಳಿದ್ದು ನಿನಗೆ, ಅಮ್ಮನಿಗೂ ಮೊದಲು. ನೀನು ಫೋನಿನಲ್ಲೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ನನ್ನ ಅಕ್ಕ ನನಗೋಸ್ಕರ ಹೇಗೆ ಅತ್ತಳು ನೋಡಿ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆ ಇನ್ನೊಂದು ಅರ್ಜಿಯನ್ನು ವಾಪಸ್ ತೆಗೆದದ್ದು ಅವತ್ತೇ ಸಂಜೆ, ಒಂದಿಷ್ಟೂ ನೋವಿಲ್ಲದೆ. ಬೇರೆ ಎಲ್ಲದಕ್ಕೂ ನೀನು ಕಾರಣ ಕೊಟ್ಟಿದ್ದೀ, ಆ ಅಳುವಿನ ಬಗ್ಗೆ ಮಾತ್ರ ಒಂದು ಸಾಲೂ ಬರೆದಿಲ್ಲ. ಬರೆಯಬೇಡ ಅಕ್ಕಾ. ನಿನಗೋಸ್ಕರವೇ ಅತ್ತೆನೆಂದು ನೀನು ಬರೆದರೆ ನಾನು ಈಗಲೂ ನಂಬಿಬಿಡುತ್ತೇನೆ.